ಎಂಟು, ಹದಿನೈದು, ಹದಿಮೂರು

ನವೆಂಬರ್ 18, ಸೋಮವಾರ

ದಿನವೂ ಸ್ವಲ್ಪ ಬರೆಯಿರಿ ಎಂದು ಹಾಸನದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹೇಳಿದ್ದಾರೆ. ಏನು ಬರೆಯಲಿ ಎಂದು ಕೇಳಿದೆ. ಏನಾದರೂ ಸರಿ, ಯಾರಿಗೂ ತೋರಿಸಬೇಕಾಗಿಲ್ಲ ಎಂದರು. ಮೇಲಿನ ತಾರೀಖನ್ನು ಗೋಡೆಯ ಕ್ಯಾಲೆಂಡರ್ ನೋಡಿಕೊಂಡು, ಚಿತ್ರ ಬಿಡಿಸುವ ಹಾಗೆ ಗೆರೆ ಗೆರೆಯಾಗಿ ಬರೆದಿದ್ದೇನೆ.

ದೀಪಾವಳಿ ರಜೆಯಲ್ಲಿ ಹತ್ತನೇ ತರಗತಿಯ ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತ ಕೂತಿದ್ದೆ. ಕೆಂಪು ಪೆನ್ನು ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ನನ್ನ ಮಾತು ಕೇಳಲಿಲ್ಲ. ಸುಮಿತ್ರಾ ಎಂದು ಹೆಂಡತಿಯನ್ನು ಕರೆದದ್ದು ಬಾಯಲ್ಲಿ ಇನ್ನೇನೋ ಆಗಿ ಬಂತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಬೇಗ ಕರೆತಂದದ್ದಕ್ಕೆ ಕೈ ಬಂತು, ಮಾತೂ ಬಂತು. ಎಲ್ಲರೂ ದೇವರಿಗೆ ಕೈಮುಗಿದರು.

ಆಮೇಲೆ ಡಾಕ್ಟರು ಲೋಕಾಭಿರಾಮವಾಗಿ, "ಒಂಬತ್ತಕ್ಕೆ ಆರು ಸೇರಿಸಿದ್ರೆ ಎಷ್ಟು ಮೇಷ್ಟ್ರೇ?" ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನನ್ನು ಕೇಳುವ ಪ್ರಶ್ನೆಯೇ ಎಂದು ನಕ್ಕೆ. ಉತ್ತರ ಹೇಳಲು ಬಾಯಿ ತೆರೆದೆ. ಅಲ್ಲಿ ಏನೂ ಇರಲಿಲ್ಲ.

ಮರೆತದ್ದಾದರೆ ಎಲ್ಲೋ ಒಂದು ಕಡೆ ಇರುತ್ತದೆ, ನಾಲಿಗೆಯ ತುದಿವರೆಗಾದರೂ ಬರುತ್ತದೆ. ಇದು ಹಾಗಲ್ಲ. ಲೆಕ್ಕದ ಜಾಗಕ್ಕೇ ಪೆಟ್ಟು ಬಿದ್ದಿದೆ, ವಾಪಸು ಬರಲೂಬಹುದು, ಬರದೆ ಇರಲೂಬಹುದು ಎಂದರು ಡಾಕ್ಟರು. ಸುಮಿತ್ರಾಗೆ, ಮಗಳು ಅಕ್ಷತಾಗೆ ಬಿಟ್ಟರೆ ಈ ಊರಲ್ಲಿ, ಶಾಲೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ಗೊತ್ತಾಗಬಾರದು.

ನವೆಂಬರ್ 20, ಬುಧವಾರ

ಗಡಿಯಾರದ ಮುಳ್ಳುಗಳು ಕಾಣುತ್ತವೆ. ಅವು ಏನು ಹೇಳುತ್ತಿವೆ ಎಂದು ಮಾತ್ರ ಗೊತ್ತಾಗುವುದಿಲ್ಲ. ಜಾವಗಲ್ಲಿನ ನಮ್ಮ ಬೀದಿಯಲ್ಲಿ ಹಾಲಿನವನು ಬಂದರೆ ಬೆಳಗು, ಅಕ್ಷತಾ ಕೆಲಸದಿಂದ ಬಂದರೆ ಸಂಜೆ. ನಡುವಿನ ಹೊತ್ತಿಗೆ ಹೆಸರಿಲ್ಲ. ಹೆದರಿಕೆಯಾಗುತ್ತದೆ.

ನವೆಂಬರ್ 24, ಭಾನುವಾರ

ಹೆಡ್ಮಾಸ್ಟರ್ ಮಹಾಂತೇಶ್ ಸೇಬು ಹಿಡಿದುಕೊಂಡು ಹಳೇಬೀಡಿನಿಂದ ಬಂದಿದ್ದರು. ನನ್ನ ಮುಖ ನೋಡಿ, "ಏನೂ ಆಗಿಲ್ಲ ಬಿಡ್ರಿ ಮೇಷ್ಟ್ರೇ, ಮೊದ್ಲಿನ ಹಂಗೇ ಇದೀರಿ" ಎಂದರು. ಆಮೇಲೆ ಶಾಲೆಯ ಕಷ್ಟ ಹೇಳಿಕೊಂಡರು. ನನ್ನ ಬದಲಿಗೆ ಯಾರೂ ಸಿಕ್ಕಿಲ್ಲ. ತ್ರಿಭುಜಗಳ ಪಾಠ ಅರ್ಧಕ್ಕೇ ನಿಂತಿದೆ. ವಿಜ್ಞಾನದ ಇಂದ್ರೇಶ್ ಬಿಡುವಾದಾಗ ಹೋಗಿ ನೋಡಿಕೊಳ್ಳುತ್ತಿದ್ದಾರಂತೆ.

"ನೀವು ಬಂದು ಬೋರ್ಡಿನ ಮುಂದೆ ನಿಂತ್ರೆ ಸಾಕು. ಷಡಕ್ಷರಪ್ಪ ಮೇಷ್ಟ್ರು ಬಂದ್ರು ಅಂದ್ರೆ ಕ್ಲಾಸು ಉಸಿರು ಬಿಡಲ್ಲ."

ಹೆಮ್ಮೆಯಾಯಿತು. ಆ ಮೇಲೆ ಅವರು ಹೋದ ವರ್ಷದ ಫಲಿತಾಂಶ, ಈ ವರ್ಷದ ಗುರಿ ಎಂದು ಶೇಕಡಾ ಲೆಕ್ಕ ಶುರುಮಾಡಿದರು. ಅಂಕಿಗಳು ಕಿವಿಗೆ ಬಿದ್ದು ಹಾಗೇ ಹೊರಗೆ ಹೋದವು. ಅವರು ತಲೆಯಾಡಿಸಿದಾಗಲೆಲ್ಲ ನಾನೂ ಆಡಿಸಿದೆ. ಬಾಗಿಲವರೆಗೆ ಕಳಿಸಿ ಬಂದಾಗ ಬನಿಯನ್ ಬೆನ್ನಿಗೆ ಅಂಟಿತ್ತು. ಜನವರಿಗೆ ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ.

ನವೆಂಬರ್ 27, ಬುಧವಾರ

ಮೇಡಂ ಕೊಟ್ಟ ಹಾಳೆಯಲ್ಲಿ ಒಂದನೇ ತರಗತಿಯ ಕೂಡುವ ಲೆಕ್ಕಗಳಿವೆ. ಮೂಲೆಯಲ್ಲಿ ಬಾತುಕೋಳಿ ಚಿತ್ರ ಬೇರೆ. ಅಕ್ಷತಾ ಹೇಳಿಕೊಡಬೇಕಂತೆ. ಇವಳು ನನ್ನ ಮಗಳಾಗಿಯೂ ಗಣಿತಕ್ಕೆ ಹುಟ್ಟಿದವಳಲ್ಲ. ಹತ್ತನೇ ತರಗತಿಯನ್ನು ಹೇಗೋ ದಾಟಿಕೊಂಡು ಕಲಾ ವಿಭಾಗ ಹಿಡಿದಳು. ಈಗ ಅರಸೀಕೆರೆಯ ವಕೀಲರೊಬ್ಬರ ಆಫೀಸಿನಲ್ಲಿ ಟೈಪ್ ಮಾಡುತ್ತಾಳೆ. ಅವಳ ಮುಂದೆ ಬಾತುಕೋಳಿ ಲೆಕ್ಕ ಮಾಡಬೇಕಾಗಿ ಬಂತಲ್ಲ.

ಬೆರಳು ಮಡಿಸಿ ಎಣಿಸಿದೆ. ಮೂರನೆಯ ಲೆಕ್ಕಕ್ಕೆ ಎಲ್ಲ ಕಲಸಿಹೋಗಿ ಸಿಟ್ಟು ಬಂದು ಪೆನ್ಸಿಲು ಎತ್ತಿ ಮೇಜಿಗೆ ಕುಕ್ಕಿದೆ. ಅಷ್ಟರಲ್ಲಿ ಎದುರಿಗೆ ಕೂತಿದ್ದ ಅಕ್ಷತಾ ತಲೆಯನ್ನು ಹಿಂದಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಯಾಕೋ ತಿಳಿಯಲಿಲ್ಲ. ಪೆನ್ಸಿಲು ಅವಳಿಂದ ದೂರವೇ ಇತ್ತು.

ಡಿಸೆಂಬರ್ 3, ಮಂಗಳವಾರ

ಮಗ್ಗಿ ಹಾಡಿನ ಹಾಗೆ ಬರುತ್ತದೆ. ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು. ಹಾಗೇ ಹೋಗಿ ನಡುವೆ ಒಂದು ಕಡೆ ನಿಂತುಬಿಡುತ್ತದೆ. ಮತ್ತೆ ಮೊದಲಿನಿಂದ ಶುರುಮಾಡಿದರೆ ಅಲ್ಲಿಯೇ ನಿಲ್ಲುತ್ತದೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಹೇಳಿಕೊಂಡೆ, ಸುಮಿತ್ರಾಗೆ ಕೇಳಿಸದಿರಲಿ ಎಂದು. ಕೇಳಿಸಿತ್ತು. ಬಾಗಿಲ ಸಂದಿಯಿಂದ ಟವೆಲ್ ಕೊಟ್ಟಳು.

ಡಿಸೆಂಬರ್ 8, ಭಾನುವಾರ

ಇವತ್ತು ಒಂದು ವಿಚಿತ್ರ ನಡೆಯಿತು. ಹಾಳೆಯ ಮೇಲೆ ಸುಮ್ಮನೆ ಒಂದು ಲಂಬಕೋನ ತ್ರಿಭುಜ ಎಳೆದೆ. ಬಾಹುಗಳಿಗೆ ಅಕ್ಷರ ಕೊಟ್ಟೆ. ಲಂಬಕೋನದಿಂದ ವಿಕರ್ಣಕ್ಕೆ ಒಂದು ಲಂಬ ಇಳಿಸಿದೆ. ಆ ಮೇಲೆ ಕೈ ತಾನಾಗಿ ಓಡಿತು. ಸಮರೂಪ ತ್ರಿಭುಜಗಳು, ಅನುಪಾತ, ಕೊನೆಗೆ ವಿಕರ್ಣದ ವರ್ಗವು ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ. ಪೈಥಾಗೊರಸ್ ಪ್ರಮೇಯದ ಸಾಧನೆ, ಒಂದು ಮೆಟ್ಟಿಲೂ ತಪ್ಪಿಲ್ಲ!

"ಅಪ್ಪಾಜಿ, ಬಂದುಬಿಡ್ತು!" ಎಂದು ಅಕ್ಷತಾ ಕೂಗಿದಳು. ಅಡುಗೆಮನೆಯಿಂದ ಸುಮಿತ್ರಾ ಓಡಿಬಂದಳು. ಅದೇ ತ್ರಿಭುಜದ ಮೇಲೆ ಅಕ್ಷತಾ, ಒಂದು ಬಾಹು ಆರು, ಇನ್ನೊಂದು ಎಂಟು ಎಂದು ಬರೆದು ಕೊಟ್ಟಳು.

ಆರರ ವರ್ಗ ಎಷ್ಟು? ನೋಡುತ್ತ ಕೂತೆ. ಅಕ್ಷರಗಳಿದ್ದಾಗ ನನ್ನ ಮನೆಯಂತಿದ್ದ ತ್ರಿಭುಜ ಅಂಕಿ ಬಿದ್ದ ತಕ್ಷಣ ಯಾರದೋ ಆಗಿಹೋಯಿತು. ಹೀಗೆ ಅರ್ಧ ಉಳಿಯುವುದಕ್ಕಿಂತ ಪೂರ್ತಿ ಹೋಗಿದ್ದರೆ ಒಳ್ಳೆಯದಿತ್ತೇನೋ. ಇನ್ನೊಂದು ಸಲ ಹೆಪ್ಪುಗಟ್ಟಿದರೆ ಅಕ್ಷರಗಳೂ ಹೋಗುತ್ತವೆಯೆ? ಯಾರನ್ನು ಕೇಳಲಿ.

ಡಿಸೆಂಬರ್ 14, ಶನಿವಾರ

ಎರಡು ದಿನ ಅರಸೀಕೆರೆಯ ಆಸ್ಪತ್ರೆಯಲ್ಲಿದ್ದು ಬಂದೆ. ತಪ್ಪು ನನ್ನದೇ. ಮಾತ್ರೆ ನಾನೇ ತೆಗೆದುಕೊಳ್ಳುತ್ತೇನೆ, ಮಗುವಲ್ಲ ನಾನು ಎಂದು ಸುಮಿತ್ರಾಳ ಕೈಯಿಂದ ಕಿತ್ತುಕೊಂಡಿದ್ದೆ. ಬೆಳಗ್ಗೆ ಎಷ್ಟು ನುಂಗಿದೆ, ಎಷ್ಟು ನುಂಗಬೇಕು ಎಂಬುದೇ ಬಗೆಹರಿಯದೆ, ಕಡಿಮೆಯಾದರೆ ಕಷ್ಟ ಎಂದು ಮತ್ತಷ್ಟು ನುಂಗಿದೆ. ರಕ್ತದೊತ್ತಡ ಕುಸಿದು ಹಿತ್ತಿಲ ಬಾಗಿಲಲ್ಲಿ ಬಿದ್ದೆನಂತೆ.

ಡ್ರಿಪ್ ಹಾಕಿದ ಕೈ ಹಿಡಿದುಕೊಂಡು ಸುಮಿತ್ರಾ ಕೂತಿದ್ದಳು. ಕಣ್ಣು ಬಿಟ್ಟ ಕೂಡಲೇ, "ಯಾರಿಗೂ ಹೇಳಿಲ್ಲ ತಾನೆ?" ಎಂದೆ.

"ಏನಂತ ಹೇಳ್ಲಿ? ನಿಮ್ ಮರ್ಯಾದೆ ಕಟ್ಕಂಡು ನಾನೇನ್ ಮಾಡ್ಲಿ ಕಣ್ರೀ. ನೀವು ಇದ್ರೆ ಸಾಕು ನಂಗೆ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಈಗ ಮಾತ್ರೆ ಅವಳ ಕೈಯಲ್ಲಿದೆ. ಅವಳು ಕೊಟ್ಟಾಗ ಕೈ ಒಡ್ಡುತ್ತೇನೆ.

ಡಿಸೆಂಬರ್ 22, ಭಾನುವಾರ

ಅಕ್ಷತಾ ಪಕ್ಕದ ಮನೆಯಿಂದ ಎಂಟನೇ ತರಗತಿಯ ಪುಸ್ತಕ ತಂದಳು. ದೊಡ್ಡ ಸಂಖ್ಯೆಗಳನ್ನು ಹತ್ತರ ಘಾತದಲ್ಲಿ, ವಿಜ್ಞಾನಿಗಳು ಬರೆಯುವ ರೀತಿಯಲ್ಲಿ ಚಿಕ್ಕದು ಮಾಡಿ ಬರೆಯುವ ಪಾಠ. ಭೂಮಿಯಿಂದ ಸೂರ್ಯನಿಗೆ ಹದಿನೈದು ಕೋಟಿ ಕಿಲೋಮೀಟರ್. ಆ ಸೊನ್ನೆಗಳ ಸಾಲು ನೋಡಿಯೇ ಪುಸ್ತಕ ಮುಚ್ಚಲು ಹೋದೆ.

"ಅದು ಎಷ್ಟು ಅಂತ ಯೋಚ್ನೆ ಮಾಡ್ಬೇಡಿ ಅಪ್ಪಾಜಿ. ಕೊನೇಲಿ ಒಂದು ಚುಕ್ಕಿ ಇದೆ ಅನ್ಕೊಳಿ. ಅದನ್ನ ಎಡಕ್ಕೆ ಒಂದೊಂದೇ ಮನೆ ದಾಟಿಸಿ. ಎಷ್ಟು ಸಲ ದಾಟಿದ್ರಿ ಅಂತ ಅಷ್ಟೇ ಎಣಿಸಿ."

ಸೊನ್ನೆಯ ಮೇಲೆ ಬೆರಳಿಟ್ಟು, ಬಾಯಿಬಿಟ್ಟು ಎಣಿಸುತ್ತ ಬಂದೆ. ಸಾಲಾಗಿ ಎಣಿಸುವುದು ಬರುತ್ತದೆ ನನಗೆ. ಒಂದೂವರೆಯ ಜಾಗದಲ್ಲಿ ಚುಕ್ಕಿ ನಿಂತಾಗ ಎಂಟಾಗಿತ್ತು. 1.5 × 10⁸. ಹಿಂದೆ ತಿರುಗಿಸಿ ಉತ್ತರ ನೋಡಿದೆವು. ಸರಿ ಇತ್ತು. ಹಾಸನದ ಆಸ್ಪತ್ರೆಯಿಂದ ಬಂದ ಮೇಲೆ ಅಂಕಿಗಳಲ್ಲಿ ಸರಿಯಾದ ಮೊದಲ ಲೆಕ್ಕ. ಇದೇನು ದೊಡ್ಡ ವಿದ್ಯೆಯಲ್ಲ, ಆದರೂ ಕಾಫಿ ಆರುವ ತನಕ ಪುಟಪೂರ್ತಿ ಮಾಡಿದೆ.

ಸಣ್ಣ ಸಂಖ್ಯೆಗಳಿಗೆ ಬಂದಾಗ ಅಕ್ಷತಾಳೇ ಎಡವಿದಳು. 0.000007 ಎಂದಿದ್ದದ್ದಕ್ಕೆ ಘಾತ ಆರು ಎಂದು ಬರೆದಳು. ಬರೆದು ನನ್ನ ಮುಖ ನೋಡಿದಳು. ಸರಿಯೋ ತಪ್ಪೋ ಹೇಳಲು ನನಗೂ ಖಾತ್ರಿ ಇರಲಿಲ್ಲ. ಮತ್ತೆ ಪುಸ್ತಕ ನೋಡಿ, "ಅಯ್ಯೋ, ಇದು ಒಂದಕ್ಕಿಂತ ಚಿಕ್ಕದು. ಮೈನಸ್ ಆರು ಬರ್ಬೇಕು" ಎಂದು ತಾನೇ ತಿದ್ದಿಕೊಂಡಳು. ಇವಳಿಗೆ ಗಣಿತ ಅಷ್ಟೇನೂ ಕಷ್ಟವಿಲ್ಲ. ಶಾಲೆಯಲ್ಲಿ ಯಾಕೆ ಬರಲಿಲ್ಲವೋ.

ಜನವರಿ 3, ಶುಕ್ರವಾರ

ಸೋಮವಾರದಿಂದ ಬರಬೇಕು ಎಂದು ಮಹಾಂತೇಶ್ ಫೋನು ಮಾಡಿದ್ದರು. ರಜೆ ಮುಗಿಯಿತು. ನಿಜ ಹೇಳಿಬಿಡಿ ಎನ್ನುತ್ತಾಳೆ ಸುಮಿತ್ರಾ. ಲೆಕ್ಕ ಬರದ ಲೆಕ್ಕದ ಮೇಷ್ಟ್ರಿಗೆ ಶಾಲೆಯಲ್ಲಿ ಏನು ಕೆಲಸ? ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ನಾನು ಯಾರು? ಊಟ ಸೇರುತ್ತಿಲ್ಲ.

ಜನವರಿ 6, ಸೋಮವಾರ

ತರಗತಿಗೆ ಹೋದೆ. ಎಲ್ಲರೂ ಎದ್ದು ನಿಂತರು, ಸದ್ದಿಲ್ಲ. ಪೈಥಾಗೊರಸ್ ಪ್ರಮೇಯ ಸಾಧಿಸಿದೆ, ಬರೀ ಅಕ್ಷರಗಳಲ್ಲಿ. ಒಂದೇ ಒಂದು ಅಂಕಿಯನ್ನೂ ಬೋರ್ಡಿನ ಮೇಲೆ ಬರೆಯದೆ ಗಂಟೆ ಹೊಡೆಯುವ ತನಕ ಎಳೆದೆ. ಯಾರೂ ಏನೂ ಕೇಳಲಿಲ್ಲ. ಸ್ಟಾಫ್ ರೂಮಿಗೆ ಬಂದು ಕೂತು ಪುಸ್ತಕದ ಮುಂದಿನ ಪುಟ ತಿರುವಿದೆ, ಎಲ್ಲ ಅಂಕಿಗಳೇ. ನಾಳೆ ಏನು ಮಾಡಲಿ?

ಜನವರಿ 8, ಬುಧವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಇವತ್ತು ಅಭ್ಯಾಸದ ಲೆಕ್ಕ ಮಾಡಿಸಲೇಬೇಕಾಯಿತು. ಲಂಬಕೋನದ ಎರಡು ಬಾಹುಗಳು ಎಂಟು ಮತ್ತು ಹದಿನೈದು, ವಿಕರ್ಣ ಕಂಡುಹಿಡಿಯಿರಿ. ನೀವೇ ಮಾಡಿ ಎಂದು ಕುರ್ಚಿಯಲ್ಲಿ ಕೂತೆ. ಎರಡನೇ ಬೆಂಚಿನ ಹೇಮಾಶ್ರೀ, ಮಾದಿಹಳ್ಳಿಯ ಹುಡುಗಿ, ವರ್ಷವೆಲ್ಲ ಬಾಯಿ ಬಿಟ್ಟವಳಲ್ಲ, ಎದ್ದು ನಿಂತು "ಹದಿನೇಳು ಸಾ" ಎಂದಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸರಿಯೋ ತಪ್ಪೋ ಹೇಳಬೇಕು. ಯಾವ ಕಾಲದಿಂದಲೋ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದ ಒಂದು ಉತ್ತರ ತಾನಾಗಿ ಬಂತು.

"ಹದಿಮೂರು. ಕೂತ್ಕೋ."

ಅವಳು ಕೂತಳು. ರಬ್ಬರ್ ತೆಗೆದು ತನ್ನ ಉತ್ತರವನ್ನು ಅಳಿಸಿದಳು. ಇಡೀ ತರಗತಿ ಹದಿಮೂರು ಎಂದು ಬರೆದುಕೊಂಡಿತು.

ಸಂಜೆ ಅಕ್ಷತಾಗೆ ಹೇಳಿದೆ, ಲೆಕ್ಕ ಚೆನ್ನಾಗಿ ನಡೆಯಿತು ಎಂಬ ಧಾಟಿಯಲ್ಲೇ. ಅವಳು ಹಾಳೆ ಎಳೆದುಕೊಂಡು ತ್ರಿಭುಜ ಬರೆದಳು.

"ಅಪ್ಪಾಜಿ, ವಿಕರ್ಣ ಅಂದ್ರೆ ಎಲ್ಲಕ್ಕಿಂತ ಉದ್ದ ಅಲ್ವಾ?"

"ಹೌದು. ಅದಕ್ಕೇನು?"

"ಹದಿಮೂರು ಹದಿನೈದಕ್ಕಿಂತ ಚಿಕ್ಕದು."

ಬೆರಳಿಟ್ಟು ಎಣಿಸಿ ನೋಡಿದೆ. ಹದಿಮೂರು ಮೊದಲು ಬಂತು, ಹದಿನೈದು ಆಮೇಲೆ. ಅಕ್ಷತಾ ವರ್ಗ ಮಾಡಿ, ಕೂಡಿಸಿ, ಮೂಲ ತೆಗೆದಳು. ಹದಿನೇಳೇ ಸರಿ.

ಐವತ್ತು ಮಕ್ಕಳಲ್ಲಿ ಒಬ್ಬರಿಗೂ ಅದು ಕಾಣಲಿಲ್ಲವೆ? ಆ ಹುಡುಗಿಗಂತೂ ಗೊತ್ತಿತ್ತು. ಗೊತ್ತಿದ್ದೂ ಸರಿಯಾದ ಉತ್ತರವನ್ನು ತನ್ನ ಕೈಯಿಂದಲೇ ಅಳಿಸಿದಳು. ಒಂದು ಮಾತು ಕೇಳಬಾರದಾಗಿತ್ತೆ? ಪರೀಕ್ಷೆಯಲ್ಲೂ ಹಾಗೇ ಬರೆದು ಬಂದರೆ? ಇಲ್ಲಿಯ ತನಕ ನನಗೇನಾಗುತ್ತದೆ ಎಂದೇ ಹೆದರಿದ್ದೆ. ಈ ಹೆದರಿಕೆ ಬೇರೆ ಥರದ್ದು.

ಜನವರಿ 9, ಗುರುವಾರ

ಹೇಳಿಬಿಡಬೇಕೆಂದು ಹೊರಟೆ. ಹಳೇಬೀಡಿನಲ್ಲಿ ಬಸ್ಸು ನಿಂತಿತು. ಇಳಿಯಲು ಆಗಲಿಲ್ಲ. ಕಂಡಕ್ಟರ್ ಗುರುತಿನವನು, "ಸಾರ್, ನಿಮ್ ಸ್ಟಾಪು" ಎಂದ. ಬೇಲೂರಿಗೆ ಎಂದೆ.

ಬೇಲೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ದೇವಸ್ಥಾನ ಯಾವ ಕಡೆ ಎಂದು ಪ್ರವಾಸಿಗಳು ಕೇಳಿದರೆ ಕೈ ತೋರಿಸಿದೆ. ಕಾಫಿ ಕುಡಿದು, ಜೇಬಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಅಂಗಡಿಯವನ ಮುಂದೆ ಸುರಿದು ನೀವೇ ತಗೊಳ್ಳಿ ಎಂದೆ. ಅವನು ತನ್ನದನ್ನು ತೆಗೆದುಕೊಂಡು ಉಳಿದದ್ದನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಿಸಿದ.

ಸುಮಿತ್ರಾ ಫೋನು ಮಾಡಿದಳು. ಶಾಲೆಯಿಂದ ಮನೆಗೆ ವಿಚಾರಿಸಿದ್ದರಂತೆ. "ಎಲ್ಲಿದೀರಿ?" ಎಂದಳು. ಹೇಳಿದೆ. ಬಯ್ಯಲಿಲ್ಲ. "ಅಲ್ಲೇ ಕೂತಿರಿ, ನಾನ್ ಬತ್ತೀನಿ" ಎಂದಳು. ಅಷ್ಟು ದೂರ ಬಸ್ಸು ಹತ್ತಿ ಬಂದು, ಪಕ್ಕದಲ್ಲಿ ಕೂತು, ಬುತ್ತಿ ಬಿಚ್ಚಿದಳು. ಇಬ್ಬರೂ ಅಲ್ಲಿಯೇ ಊಟ ಮಾಡಿದೆವು.

ಜನವರಿ 10, ಶುಕ್ರವಾರ

ಹೇಳಿದೆ. ಮೊದಲು ಹೆಡ್ಮಾಸ್ಟರಿಗೆ ಹೇಳಬೇಕಾಗಿತ್ತು, ಕಾಲು ನೇರ ತರಗತಿಗೆ ಹೋಯಿತು.

"ಹೇಮಾಶ್ರೀ, ಮೊನ್ನೆ ನೀನು ಹೇಳಿದ ಉತ್ತರ ಸರಿ. ನಾನು ಹೇಳಿದ್ದು ತಪ್ಪು" ಎಂದೆ. ಅವಳು ಎದ್ದು ನಿಂತವಳು ತಲೆ ತಗ್ಗಿಸಿದಳು, ಬೈಸಿಕೊಳ್ಳುವವಳ ಹಾಗೆ. "ತಪ್ಪು ಅಂತ ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿತ್ತು ಸಾ."

"ಮತ್ತೆ ಯಾಕೆ ಹೇಳಲಿಲ್ಲ?"

ಅಳು ಬಂದಿತ್ತು ಅವಳಿಗೆ. ಮೇಜು ಹಿಡಿದುಕೊಂಡು ಎಲ್ಲ ಹೇಳಿದೆ. ಮಿದುಳಿಗೆ ಏನಾಯಿತು, ಏನು ಉಳಿದಿದೆ, ಏನು ಹೋಗಿದೆ, ಎಲ್ಲ. ಕೊನೆಯ ಬೆಂಚಿನಿಂದ ಸುನಿಲ್, ಪ್ರತಿ ಪರೀಕ್ಷೆಯಲ್ಲೂ ಖಾಲಿ ಹಾಳೆ ಕೊಡುವವನು, ನಿಧಾನವಾಗಿ ಎದ್ದ.

"ಸಾ, ಹಂಗಾರೆ ಮಗ್ಗಿನೂ ಬರಲ್ವಾ ನಿಮ್ಗೆ?"

"ಬರಲ್ಲ ಕಣಪ್ಪ."

"ನಂಗೂ ಬರಲ್ಲ ಸಾ."

ತರಗತಿ ನಕ್ಕಿತು. ನನ್ನ ತರಗತಿಯಲ್ಲಿ ಅಂಥ ನಗು ಕೇಳಿದ ನೆನಪಿಲ್ಲ.

ಮಹಾಂತೇಶ್ ನಗಲಿಲ್ಲ. "ಇದು ಹತ್ತನೇ ಕ್ಲಾಸು ಮೇಷ್ಟ್ರೇ! ನನ್ ಹತ್ರ ಒಂದು ಮಾತು ಹೇಳ್ಬಾರ್ದಾಗಿತ್ತಾ? ಪೋಷಕರಿಗೆ ಏನಂತ ಉತ್ತರ ಕೊಡ್ಲಿ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹತ್ತನೇ ತರಗತಿಯನ್ನು ಪೂರ್ತಿಯಾಗಿ ಇಂದ್ರೇಶ್‌ಗೆ ಕೊಟ್ಟಿದ್ದಾರೆ. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ, ಜೂನ್‌ನಲ್ಲಿ ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ಅಲ್ಲಿಯ ತನಕ, ಸಂಜೆ ನಾಲ್ಕರ ಮೇಲೆ, ಫೇಲಾಗುವುದು ಖಂಡಿತ ಎನ್ನಿಸಿದ ಮಕ್ಕಳನ್ನು ಕೂರಿಸಿಕೊಳ್ಳಬೇಕು.

"ಅವರಿಗೆ ನಷ್ಟ ಆಗೋಕೆ ಏನೂ ಇಲ್ಲ ನೋಡಿ" ಎಂದರು.

ಫೆಬ್ರವರಿ 5, ಬುಧವಾರ

ಬಹಳ ದಿನ ಬರೆದಿಲ್ಲ. ಸಂಜೆ ಬಸ್ಸು ತಡವಾಗುತ್ತದೆ.

ಈ ಮಕ್ಕಳ ಜೊತೆ ಪಾಠ ಮುಂದಕ್ಕೇ ಹೋಗುವುದಿಲ್ಲ. ಪ್ರತಿ ಮೆಟ್ಟಿಲನ್ನೂ ಬಾಯಲ್ಲಿ ಹೇಳಿ, ಬೋರ್ಡಿನ ಮೇಲೆ ಬರೆದು, ಇದು ಯಾಕೆ ಎಂದು ಕೇಳಿ ಮುಂದೆ ಹೋಗಬೇಕು. ಇಲ್ಲದಿದ್ದರೆ ನನಗೇ ತಪ್ಪಿಹೋಗುತ್ತದೆ. ಗುಣಾಕಾರವೆಲ್ಲ ಅವರದು. ಇಬ್ಬರು ಬೇರೆ ಬೇರೆಯಾಗಿ ಮಾಡಿ ಒಂದೇ ಉತ್ತರ ಬಂದರೆ ಒಪ್ಪುತ್ತೇನೆ. ಇವರು ಪ್ರಶ್ನೆಯೂ ಜಾಸ್ತಿ ಕೇಳುತ್ತಾರೆ. ಹಿಂದಿನ ಬ್ಯಾಚುಗಳಲ್ಲಿ ಯಾರೂ ಹೀಗೆ ಕೇಳುತ್ತಿರಲಿಲ್ಲ. ಕಾಲ ಬದಲಾಗಿದೆ. ಹೇಮಾಶ್ರೀ ಫೇಲಾಗುವವಳಲ್ಲ, ಆದರೂ ಬಂದು ಕೂರುತ್ತಾಳೆ. "ಸಾ, ಅದು ತಪ್ಪು" ಎಂದು ಇವತ್ತು ಎರಡು ಸಲ ಹೇಳಿದಳು. ಒಂದು ಸಲ ಅವಳದೇ ತಪ್ಪಾಗಿತ್ತು.

ಅಕ್ಷತಾ ಮನೆಯಲ್ಲಿ ಈಗ ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಾಳೆ. ಈ ಕಡೆ ಬೆಳಕು ಚೆನ್ನಾಗಿದೆಯೇನೋ.

ಕ್ಯಾಲೆಂಡರಿನಲ್ಲಿ ಜೂನ್ ಪುಟ ತಿರುವಿ ನೋಡುವುದಿಲ್ಲ.

ಫೆಬ್ರವರಿ 20, ಗುರುವಾರ

ಬೆಳಗ್ಗೆ ಹಾಸನಕ್ಕೆ ಹೋಗಿದ್ದೆವು. ಮತ್ತೆ ಎಲ್ಲ ಪರೀಕ್ಷೆ. ಮಿದುಳಿನ ಫೋಟೋ ನೋಡಿ, ನನ್ನ ಹಾಳೆಗಳನ್ನು ನೋಡಿ ಡಾಕ್ಟರು ಹೇಳಿದರು: ಬರುವುದೆಲ್ಲ ಸಾಮಾನ್ಯವಾಗಿ ಮೊದಲ ತಿಂಗಳುಗಳಲ್ಲೇ ಬರುತ್ತದೆ. ಇನ್ನು ಮುಂದೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಅಭ್ಯಾಸ ಬಿಡಬೇಡಿ.

ಬಸ್ಸಿನಲ್ಲಿ ಸುಮಿತ್ರಾ ಕಿಟಕಿಯ ಕಡೆ ತಿರುಗಿ ಅತ್ತಳು. ಹಳೇಬೀಡು ಬಂದಾಗ ನಾನು ಎದ್ದೆ.

"ಇವತ್ತಾದ್ರೂ ಮನೆಗೆ ಬನ್ರೀ" ಎಂದಳು.

"ಮಕ್ಕಳು ಕಾಯ್ತಿರ್ತಾರೆ" ಎಂದು ಇಳಿದೆ.

ನಮ್ಮ ಸಂಜೆ ಪಾಠದ ಕೋಣೆಗೆ ಬೀಗ ಹಾಕಿತ್ತು, ಒಳಗೆ ಪರೀಕ್ಷೆಗೆ ಬೆಂಚು ಜೋಡಿಸಿದ್ದರು. ಮಕ್ಕಳೆಲ್ಲ ಮೈದಾನದಲ್ಲಿದ್ದರು. ಸುನಿಲ್ ವಾಲಿಬಾಲ್ ಅಂಕಣಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದ. ಮೂಲೆ ಸೊಟ್ಟಗಿತ್ತು. ಅಳಿಸಿ ಇನ್ನೊಂದು ಸಲ ಹಾಕಿದ, ಅದೂ ಸೊಟ್ಟ.

"ಹಗ್ಗ ಐತೇನೋ?" ಎಂದೆ.

ತಂದ. ಒಂದೊಂದು ಮೊಳಕ್ಕೆ ಒಂದೊಂದು ಗಂಟು ಹಾಕಿ ಎಂದೆ. ಎಲ್ಲರೂ ಕೈ ಹಾಕಿದಾಗ ಸುನಿಲ್ ತಡೆದ. "ಒಬ್ರದೇ ಮೊಳ ಆಗ್ಬೇಕು ಕಣ್ರೋ, ಇಲ್ಲಾಂದ್ರೆ ಹೆಚ್ಚುಕಮ್ಮಿ ಆಯ್ತದೆ." ಹೇಮಾಶ್ರೀಯೊಬ್ಬಳೇ ಅಳೆದಳು. ಹನ್ನೆರಡು ಮೊಳವಾದ ಮೇಲೆ ತುದಿಗೆ ತುದಿ ಕಟ್ಟಿದರು. ಒಂದು ಬದಿಗೆ ಮೂರು ಮೊಳ, ಇನ್ನೊಂದಕ್ಕೆ ನಾಲ್ಕು, ಉಳಿದದ್ದು ಐದು ಎಂದೆ, ಅಷ್ಟು ಹಾಡಿನ ಹಾಗೆ ಬಾಯಲ್ಲಿ ಉಳಿದಿತ್ತು. ಗಂಟುಗಳನ್ನು ಅವರೇ ಎಣಿಸಿಕೊಂಡರು, ನಾನು ಎಣಿಸಲಿಲ್ಲ. ಮೂವರು ಮೂರು ಗಂಟು ಹಿಡಿದು ಹಿಂದಕ್ಕೆ ಜಗ್ಗಿದರು. ಹಗ್ಗ ಬಿಗಿಯಾಯಿತು. ಸುನಿಲ್ ನಿಂತ ಕಡೆ ಮೂಲೆ ಗೋಡೆಯ ಮೂಲೆಯ ಹಾಗೆ ನೇರವಾಗಿ ಬಂತು.

ಅವನು ಹಗ್ಗ ಬಿಡದೆ ಬಗ್ಗಿ ನೋಡಿದ. "ಸಾ, ಇದು ತಾನಾಗೇ ಬತ್ತದಾ? ಯಾವಾಗ್ಲೂ?"

"ಯಾವಾಗಲೂ."

"ಯಾಕೆ ಸಾ?"

ಸುಣ್ಣದ ಗೆರೆಯ ಪಕ್ಕ ಮಣ್ಣಿನ ಮೇಲೇ ಕೈಯೂರಿ ಕೂತೆ. ಕಡ್ಡಿ ತೆಗೆದುಕೊಂಡು ತ್ರಿಭುಜ ಎಳೆದೆ. ಸುತ್ತ ಬಂದು ಕೂತರು. ಬೆಳಕು ಇರುವ ತನಕ ಹೇಳಿದೆ. ಸುನಿಲ್ ಎರಡು ಸಲ ತಪ್ಪಿದ, ನಾನು ಒಂದು ಸಲ. ಅರ್ಥವಾದದ್ದು ಅವನಿಗೆ ಎಲ್ಲರಿಗಿಂತ ಕೊನೆಗೆ, ಆದರೆ ಅರ್ಥವಾಯಿತು. ಅಂಕಣ ಪೂರ್ತಿ ಮಾಡದೆ ಎಲ್ಲರೂ ಮನೆಗೆ ಹೋದರು.

ಜಾವಗಲ್ಲಿನ ಬಸ್ಸು ಹತ್ತಿ ಕೂತ ಮೇಲೆ ಡಾಕ್ಟರು ಹೇಳಿದ್ದು ನೆನಪಾಯಿತು. ಅಷ್ಟು ಹೊತ್ತು ಅದು ಎಲ್ಲಿ ಹೋಗಿತ್ತೋ. ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತೆ. ಕೈಗೆ ಸುಣ್ಣ ಮೆತ್ತಿತ್ತು.